ಪಾಸ್ಕ ಹಬ್ಬದ ತೊಡೆ ಬಾಡು

ಹತ್ತಿರ ಬನ್ನಿ, ಹತ್ತಿರ ಬಂದು ಕೂತುಕೊಳ್ಳಿ. ಬಾಡು ತಿನ್ನುವವರೂ ಬನ್ನಿ, ತಿನ್ನದವರೂ ಬನ್ನಿ. ಕತೆಗೆ ವಾಸನೆ ಇಲ್ಲ.

ಶಿಲುಬೆಪಾಳ್ಯದಲ್ಲಿ ಆರೋಗ್ಯಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಚೌರಪ್ಪ. ಆಳು ಎತ್ತರ, ಮೀಸೆ ದಪ್ಪ, ಮೈಯಲ್ಲಿ ಎರಡಾಳಿನ ಕಸುವು. ಬುದ್ಧಿ ಒಂದು ಮಾತ್ರ ಹುಟ್ಟುವಾಗ ಹಿಂದೆ ಉಳಿದದ್ದು ಇನ್ನೂ ಬಂದು ಸೇರಿರಲಿಲ್ಲ. ಮಾತು ಕೇಳದ ಮಕ್ಕಳನ್ನು ಹೆತ್ತವರು ಆ ಊರಲ್ಲಿ ಬೇಕಾದಷ್ಟು ಜನ. ಆರೋಗ್ಯಮ್ಮನ ಕಷ್ಟವೇ ಬೇರೆ. ಅವಳ ಮಗ ಮಾತು ಕೇಳುತ್ತಿದ್ದ. ಹೇಳಿದ್ದೆಲ್ಲ ಕೇಳುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ.

"ಬಾಗಿಲು ನೋಡ್ಕೊಳೋ" ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಹಿತ್ತಲಿನಿಂದ ಯಾರೋ ಕೋಳಿ ಹಿಡಿದುಕೊಂಡು ಹೋದರೂ ಅತ್ತ ತಿರುಗುತ್ತಿರಲಿಲ್ಲ. ಬಾಗಿಲು ಇದ್ದಲ್ಲೇ ಇತ್ತಲ್ಲ, ಇನ್ನೇನು?

ಇಂಥವನಿಗೆ ಹೆಣ್ಣು ಕೊಡುವವರು ಯಾರು? ನೋಡಲು ಬಂದವರೆಲ್ಲ ಬಂದ ದಾರಿ ಹಿಡಿದರು. ಆರೋಗ್ಯಮ್ಮನಿಗೆ ಅದೇ ಕೊರಗು. "ನಾನಿರೋವರೆಗೆ ಸರಿ. ನನ್ನ ಕಣ್ಣು ಮುಚ್ಚಿದ ಮೇಲೆ ಇವನಿಗೆ ಉಣ್ಣು ಅಂತ ಹೇಳೋರು ಯಾರು? ಯಾರೂ ಹೇಳದಿದ್ರೆ ಇವನು ಉಣ್ಣೋದೇ ಇಲ್ಲವಲ್ಲ ದೇವರೇ" ಅಂತ ಜಪಮಣಿ ಹಿಡಿದಾಗಲೆಲ್ಲ ಅಳುತ್ತಿದ್ದಳು.

ಕೊನೆಗೆ ಚರ್ಚಿನಲ್ಲಿ ಜಪ ಹೇಳಿಕೊಡುವ ಉಪದೇಶಿ ಸಂದ್ಯಾಗಪ್ಪನವರು ಒಂದು ಸಂಬಂಧ ತಂದರು. ಹುಣಸೆಕೊಪ್ಪಲಿನ ರಾಯಪ್ಪ, ಅವನ ಮಗಳು ಲೂರ್ದಮ್ಮ.

"ಪಾಸ್ಕ ಹಬ್ಬದ ಪೂಜೆಗೆ ಅಪ್ಪ ಮಗಳು ನಮ್ಮ ಚರ್ಚಿಗೇ ಬರ್ತಾರೆ. ಪೂಜೆ ಮುಗಿಸಿ ನಿಮ್ಮ ಮನೇಲಿ ಊಟ. ನೋಡಮ್ಮ ಆರೋಗ್ಯಮ್ಮ, ಇದಾದ ಮೇಲೆ ನನ್ನ ಕೈಲಿ ಬೇರೆ ಸಂಬಂಧ ಇಲ್ಲ" ಅಂದರು.

ಆ ಕಡೆ ಒಂದು ಪದ್ಧತಿ. ಪಾಸ್ಕಕ್ಕೆ ಮುಂಚಿನ ನಲವತ್ತು ದಿನ ತಪಸ್ಸು ಕಾಲ, ಅಷ್ಟೂ ದಿನ ಯಾರೂ ಬಾಡು ಮುಟ್ಟುವುದಿಲ್ಲ. ಈಸ್ಟರ್ ಭಾನುವಾರ, ಅಂದರೆ ಪಾಸ್ಕ ಹಬ್ಬದ ದಿನ, ದನದ ತೊಡೆಯನ್ನು ಕೊಚ್ಚದೆ ಕತ್ತರಿಸದೆ, ಇಡಿಯಾಗಿ ಕೆಂಡದ ಶಾಖದಲ್ಲಿ ಸುಡುತ್ತಾರೆ. ಹೆಣ್ಣು ಕೊಡುವ ಮಾವ ಎಲೆ ಮುಂದೆ ಕೂತರೆ, ಅಳಿಯನಾಗುವವನು ಚಾಕು ಹಿಡಿದು "ಎಲ್ಲಿಂದ ಕೊಯ್ಯಲಿ ಮಾವ?" ಅಂತ ಕೇಳಬೇಕು. ಮಾವ ತೋರಿಸಿದ ಕಡೆ ಕೊಯ್ದು ಬಡಿಸಬೇಕು. ಮಾವ ಬಾಯಿಗಿಟ್ಟರೆ ಸಂಬಂಧ ಕುದುರಿತು. ಎಲೆ ಮಡಚಿದರೆ ಮುಗಿಯಿತು.

ಆರೋಗ್ಯಮ್ಮನ ತೊಡೆ ಬಾಡು ಸುತ್ತಮುತ್ತ ಹೆಸರುವಾಸಿ. ಬಂಗಲೆಯ ದೊರೆಗೆ ಅಡುಗೆ ಮಾಡಿದ ಅವಳ ಅಜ್ಜಿ ಕಲಿಸಿದ್ದು. "ಮಗನನ್ನ ನೋಡಿ ಹೆಣ್ಣು ಕೊಡದಿದ್ರೂ ಬಾಡು ತಿಂದು ಕೊಡಲಿ" ಅಂದುಕೊಂಡಳು. ಅಂದುಕೊಂಡು ಮಗನನ್ನು ಕರೆದಳು.

"ಚೌರಿ, ಬುಡನ್ ಸಾಬರ ಹತ್ರ ಹೋಗು. ಹಬ್ಬಕ್ಕೆ ಹೋರಿ ಕಡೀತಾರೆ. ಎಲ್ಲರೂ ಕೊಚ್ಚಿ ಪಾಲು ಹಾಕಿದ ಗುಡ್ಡೆ ಬಾಡು ಹೇಳಿರ್ತಾರೆ, ನಮಗೆ ಗುಡ್ಡೆ ಬೇಡ, ಹಿಂದಿನ ಎಡತೊಡೆ ಇಡಿಯಾಗಿ ಬೇಕು. ಇನ್ನೊಬ್ಬರ ಪಾಲಾಗದ ಹಾಗೆ ನೋಡ್ಕೊ. ಆ ತೊಡೆ ಬಿಟ್ಟು ಕದಲಬೇಡ."

"ಆಯ್ತವ್ವ, ಹಾಗೇ ಮಾಡ್ತೀನಿ" ಅಂದ ಚೌರಪ್ಪ.

ಮಾಡಿದ. ಹಾಗೇ ಮಾಡಿದ.

ಸಾಬರ ಹಟ್ಟಿಗೆ ಹೋದ. ಹೋರಿ ಇನ್ನೂ ಜೀವಂತ ಗೂಟದಲ್ಲಿ ನಿಂತು ಹುಲ್ಲು ಮೇಯುತ್ತಿತ್ತು. ಚೌರಪ್ಪ ಹಿಂದಿನಿಂದ ಹೋದ. ಎಡಗಡೆ ಯಾವುದು ಅಂತ ತನ್ನ ಕೈ ನೋಡಿಕೊಂಡ. ಎರಡೂ ತೋಳಿಂದ ತೊಡೆಯನ್ನು ತಬ್ಬಿ ಹಿಡಿದ. ಹೋರಿಗೆ ಇಂಥ ಪ್ರೀತಿ ಹೊಸದು. ಒದೆಯಿತು. ಚೌರಪ್ಪ ಬಿಡಲಿಲ್ಲ. ಇನ್ನೊಂದು ಒದೆಯಿತು. ಆಗಲೂ ಬಿಡಲಿಲ್ಲ. ಹೋರಿ ಹಟ್ಟಿಯ ಸುತ್ತ ತಿರುಗಿತು, ಚೌರಪ್ಪನೂ ಸುತ್ತ ತಿರುಗಿದ.

ಬುಡನ್ ಸಾಬರು ಓಡಿ ಬಂದರು. "ಅರೇ, ಬಿಡಪ್ಪಾ!"

"ಬಿಡೋ ಹಾಗಿಲ್ಲ ಸಾಬರೇ, ಇದು ನಮ್ದು."

"ನಿಮ್ದೇ ಮಾರಾಯಾ. ಅಲ್ಲಾನ ಆಣೆಗೂ ನಿಮ್ದೇ. ನಾನೇ ಮನೆಗೆ ತಂದುಕೊಡ್ತೀನಿ, ಹೋಗು."

ಚೌರಪ್ಪ ಕುಂಟುತ್ತ ಮನೆಗೆ ಬಂದ. ಆರೋಗ್ಯಮ್ಮ ಎದೆ ಎದೆ ಬಡಿದುಕೊಂಡಳು.

"ಯಾವ ಪಾಪಕ್ಕೆ ನಿನ್ನ ಹೆತ್ತೆನೋ! ಮೈಮೇಲೆ ಬೀಳೋದಾ? ದೂರ ನಿಂತ್ಕೋಬೇಕು, ಮೆಲ್ಲಗೆ ಬೆನ್ನು ಸವರಬೇಕು, ಒಂದು ಹಿಡಿ ಹುಲ್ಲು ಮುಂದೆ ಹಾಕಿ 'ಹೋ ಹೋ ನನ್ನಪ್ಪಾ' ಅನ್ನಬೇಕು. ಆಮೇಲೆ ಮಿಕ್ಕ ಮಾತು."

"ಆಯ್ತವ್ವ, ಇನ್ನು ಹಾಗೇ ಮಾಡ್ತೀನಿ."

ಮಾರನೆಯ ದಿನ ಪಾತ್ರೆ ಬೇಕಾಯಿತು. ಇಡೀ ತೊಡೆ ಹಿಡಿಸುವ ತಾಮ್ರದ ಪಾತ್ರೆ ಊರಿಗೆಲ್ಲ ಒಂದೇ, ಅದು ಉಪದೇಶಿಗಳ ಮನೆಯಲ್ಲಿ. ಮುಚ್ಚಳ ತಟ್ಟೆಯ ಹಾಗೆ ಅಗಲ, ಮೇಲೆ ಕೆಂಡ ಸುರಿಯಲು ಅಂಚು ಎತ್ತರ.

"ಹೋಗಿ ಕೇಳಿ ತಗೊಂಡು ಬಾ. ಅವರೇ ನಿನಗೆ ಹೆಣ್ಣು ನೋಡಿರೋದು. ಸರಿಯಾಗಿ ನಡ್ಕೊ."

ಉಪದೇಶಿಗಳು ಜಗಲಿಯ ಮೇಲೆ ಬಗ್ಗಿ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದರು. ಚೌರಪ್ಪ ದೂರ ನಿಂತ. ಬೇಲಿ ಪಕ್ಕದಲ್ಲಿ ಒಂದು ಹಿಡಿ ಹುಲ್ಲು ಕಿತ್ತ. ಮೆಲ್ಲಗೆ ಹತ್ತಿರ ಬಂದು, ಅವರ ಬೆನ್ನು ಮೇಲಿಂದ ಕೆಳಗೆ ಸವರಿ, ಹುಲ್ಲನ್ನು ಮೂಗಿನ ಮುಂದೆ ಹಿಡಿದು, "ಹೋ ಹೋ ನನ್ನಪ್ಪಾ. ಹೋ ಹೋ" ಅಂದ.

ಉಪದೇಶಿಗಳು ಮುಳ್ಳು ಮರೆತರು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವ ಮನುಷ್ಯ, ಬೀದಿಯಲ್ಲಿ ನೀರು ಹೊರುವ ಹೆಂಗಸರೆಲ್ಲ ನೋಡುತ್ತಿದ್ದಾರೆ. ಪಾತ್ರೆಯನ್ನು ಅವನ ತಲೆ ಮೇಲೆ ಹೊರಿಸಿ, ಜೊತೆಯಲ್ಲೇ ಬಂದು ಆರೋಗ್ಯಮ್ಮನ ಮುಂದೆ ಇಳಿಸಿದರು.

"ನೋಡಮ್ಮ, ನಾನು ಹುಲ್ಲು ತಿನ್ನಲ್ಲ. ಭಾನುವಾರ ರಾಯಪ್ಪನಿಗೂ ಇದೇ ಉಪಚಾರ ಆದ್ರೆ ನನ್ನ ಹೆಸರು ಹೇಳಬೇಡಿ" ಅಂದು ಹೊರಟುಹೋದರು.

ಆರೋಗ್ಯಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. "ಅವರೇನು ದನಾನಾ? ಮರ್ಯಾದಸ್ತರು ಎದುರಾದ್ರೆ ಕೈ ಮುಗೀಬೇಕು ಕಣೋ. ಕಾಲಿಗೆ ನೀರು ಕೊಡಬೇಕು. ಒಳ್ಳೆ ಚಾಪೆ ಹಾಸಿ, ದಿಂಬು ಕೊಟ್ಟು, ದಣಿದಿದೀರಿ ಮಲಕೊಳ್ಳಿ ಅಂತ ಗಾಳಿ ಬೀಸಬೇಕು."

"ಆಯ್ತವ್ವ, ಇನ್ನು ಹಾಗೇ ಮಾಡ್ತೀನಿ."

ಶನಿವಾರ ಆರೋಗ್ಯಮ್ಮ ಚರ್ಚು ತೊಳೆಯಲು ಹೋಗಿದ್ದಾಳೆ. ಬುಡನ್ ಸಾಬರು ತೊಡೆಯನ್ನು ಹೆಗಲ ಮೇಲೆ ಹೊತ್ತು ಬಂದರು. ಹೋರಿಯ ಎಡತೊಡೆ, ಬಾಳೆ ಎಲೆಯಲ್ಲಿ ಸುತ್ತಿದ್ದು.

"ತಗೋ ಚೌರಪ್ಪ. ಇವತ್ತು ಊರಿಗೆ ಬಂದಿರೋದ್ರಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮರ್ಯಾದೆಯಿಂದ ನೋಡ್ಕೊ" ಅಂದು ಕೊಟ್ಟು ಹೋದರು.

ನೋಡಿಕೊಂಡ. ಮರ್ಯಾದೆಯಿಂದ ನೋಡಿಕೊಂಡ.

ಆರೋಗ್ಯಮ್ಮ ಮನೆಗೆ ಬರುವಾಗ ಹೊಸಿಲ ಹೊರಗೆ ಊರಿನ ಮೋಟುಕಿವಿ ನಾಯಿ ಕೂತಿತ್ತು. ತಪಸ್ಸು ಕಾಲದಲ್ಲಿ ಊರಿನವರು ಬಾಡು ಬಿಟ್ಟ ಮೇಲೆ ಅದಕ್ಕೂ ಮೂಳೆ ಸಿಕ್ಕಿರಲಿಲ್ಲ ಪಾಪ, ಅದರದ್ದೂ ಉಪವಾಸವೇ. ಒಳಗಿಂದ ಕಣ್ಣು ತೆಗೆಯದೆ ಜೊಲ್ಲು ಸುರಿಸುತ್ತಿತ್ತು. ಒಳಗೆ ಏನು? ಬೀಗರಿಗೆ ಅಂತ ತೆಗೆದಿಟ್ಟಿದ್ದ ಹೊಸ ಚಾಪೆ, ಚಾಪೆ ಮೇಲೆ ದಿಂಬು, ದಿಂಬಿನ ಮೇಲೆ ತೊಡೆ. ಪಕ್ಕದಲ್ಲಿ ಒಂದು ಚೊಂಬು ನೀರು. ಚೌರಪ್ಪ ಮಂಡಿಯೂರಿ ಬೀಸಣಿಗೆ ಬೀಸುತ್ತಿದ್ದ.

"ಮೆಲ್ಲಗೆ ಮಾತಾಡವ್ವ, ಈಗ ತಾನೆ ಮಲಗಿದಾರೆ."

ಆರೋಗ್ಯಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾಯಿಯನ್ನು ಅಟ್ಟಿದಳು, ತೊಡೆಯನ್ನು ಎತ್ತಿದಳು, ಮಗನ ಕಿವಿ ಹಿಂಡಿದಳು.

"ಇಲ್ಲಿ ನೋಡು, ಕಣ್ಣು ಬಿಟ್ಟು ನೋಡು. ಮನೆಗೆ ಬಂದಿದ್ದನ್ನ ಸುಮ್ಮನೆ ಮಲಗಿಸೋದಲ್ಲ. ಉಪ್ಪು, ಮೆಣಸು, ಬೆಳ್ಳುಳ್ಳಿ ಅರೆದು ಮೈಗೆಲ್ಲ ತಿಕ್ಕಬೇಕು, ಹೀಗೆ, ಸಂದುಗೊಂದು ಬಿಡದೆ. ಆಮೇಲೆ ದಾರ ಸುತ್ತಿ ಬಿಗಿಯಾಗಿ ಕಟ್ಟಬೇಕು, ಆಕಾರ ಕೆಡಬಾರದು. ಕೆಂಡದ ಹತ್ರ ಇಟ್ಟು ಆಗಾಗ ಬಿಸಿ ಕೊಬ್ಬು ಸವರಬೇಕು, ಇಲ್ಲದಿದ್ರೆ ಒಣಗಿಹೋಗುತ್ತೆ."

"ಆಯ್ತವ್ವ, ಇನ್ನು ಹಾಗೇ ಮಾಡ್ತೀನಿ."

ಈಗ ನೀವು ನಗುತ್ತಿದ್ದೀರಿ. ನಗಬೇಡಿ, ತಡೆಯಿರಿ.

ಹಬ್ಬದ ಬೆಳಗ್ಗೆ ಆರೋಗ್ಯಮ್ಮ ತೊಡೆಯನ್ನು ಪಾತ್ರೆಗೆ ಇಳಿಸಿದಳು. ಕೆಳಗೆ ಕೆಂಡ ಹರಡಿದಳು, ಮುಚ್ಚಳದ ಮೇಲೆ ಕೆಂಡ ಸುರಿದಳು. "ಕೆಂಡ ಬೂದಿಯಾದ್ರೆ ಹೊಸದು ಹಾಕು. ಆಗಾಗ ಮುಚ್ಚಳ ಎತ್ತಿ ಕೊಬ್ಬು ಸವರು. ಪೂಜೆ ಮುಗಿಸಿ ಬಂದೆ" ಅಂದು ಬಿಳಿ ಸೀರೆ ಉಟ್ಟು ಚರ್ಚಿಗೆ ಹೋದಳು. ಒಲೆ ಮುಂದೆ ಚೌರಪ್ಪ ಒಬ್ಬನೇ. ಕೆಂಡ ಬೂದಿಯಾಯಿತು, ಹೊಸದು ಹಾಕಿದ. ಮುಚ್ಚಳ ಎತ್ತಿದ, ಕೊಬ್ಬು ಸವರಿದ. ಊರಲ್ಲಿ ಇನ್ಯಾರೂ ಅಷ್ಟು ನಿಯತ್ತಾಗಿ ಮಾಡುತ್ತಿರಲಿಲ್ಲ. ಬಾಡಿನ ಘಮ ಚರ್ಚಿನ ಕಿಟಕಿವರೆಗೂ ಹೋಯಿತಂತೆ.

ಅತ್ತ ಚರ್ಚಿನಲ್ಲಿ ರಾಯಪ್ಪನಿಗೆ ಸೊಂಟ ಹಿಡಿದುಕೊಂಡಿತು. ಹಳೆಯ ನೋವು, ಜೊತೆಗೆ ಹುಣಸೆಕೊಪ್ಪಲಿಂದ ನಡೆದು ಬಂದಿದ್ದ. ಮಂಡಿಯೂರಿದರೆ ಏಳಲಾಗದು, ಎದ್ದರೆ ಊರಲಾಗದು. ಮಗಳ ಕಿವಿಯಲ್ಲಿ ಹೇಳಿ, ಆರೋಗ್ಯಮ್ಮನ ಮನೆ ಕೇಳಿಕೊಂಡು, ಪೂಜೆಯ ನಡುವೆಯೇ ಎದ್ದು ಬಂದ.

"ನಾನು ರಾಯಪ್ಪ. ನೀನೇ ಏನಪ್ಪ ಚೌರಪ್ಪ? ಸೊಂಟ ಬಿದ್ದುಹೋಗಿದೆ. ಅವರೆಲ್ಲ ಬರೋವರೆಗೆ ಸ್ವಲ್ಪ ಒರಗ್ತೀನಿ" ಅಂದವನೇ ಅಂಗಿ ಬಿಚ್ಚಿ, ಚಾಪೆಯ ಮೇಲೆ ಬೋರಲು ಮಲಗಿದ. ಮಲಗಿದ್ದೇ ಜೊಂಪು ಹತ್ತಿತು.

ಚೌರಪ್ಪ ನೋಡಿದ. ಮನೆಗೆ ಬಂದಿದೆ. ಸುಮ್ಮನೆ ಮಲಗಿದೆ. ಸುಮ್ಮನೆ ಮಲಗಿಸಬಾರದು ಅಂತ ಅವ್ವ ಹೇಳಿದಾಳೆ.

ಉಪ್ಪು, ಮೆಣಸು, ಬೆಳ್ಳುಳ್ಳಿ ಅರೆದದ್ದು ಮಿಕ್ಕಿತ್ತು. ರಾಯಪ್ಪನ ಬೆನ್ನ ಮೇಲೆ ಹಾಕಿ ಎರಡಾಳಿನ ಕಸುವಲ್ಲಿ ತಿಕ್ಕಿದ. ಹೆಗಲಿಗೆ ತಿಕ್ಕಿದ, ಪಕ್ಕೆಗೆ ತಿಕ್ಕಿದ, ಸೊಂಟದ ಸಂದುಗೊಂದು ಬಿಡದೆ ತಿಕ್ಕಿದ. ರಾಯಪ್ಪ ನಿದ್ದೆಗಣ್ಣಲ್ಲೇ, "ಆಹಾ, ಆಹಾ, ಅಲ್ಲೇ, ಅಲ್ಲೇ. ಬೀಗರ ಮನೆ ಉಪಚಾರ ಅಂದ್ರೆ ಇದು" ಅಂದ. ಬಿಸಿ ಕೊಬ್ಬು ಸವರಿದಾಗಲೂ ಆಹಾ ಅಂದ. ದಾರ ಬಿಗಿದಾಗ ಮಾತ್ರ ಎಚ್ಚರವಾಯಿತು.

"ಏನಪ್ಪ ಇದು?"

"ಆಕಾರ ಕೆಡಬಾರದು ಮಾವ."

ಚಾಪೆ ಸಮೇತ ಒಲೆಯ ಕಡೆಗೆ ಎಳೆದ. ಅಷ್ಟರಲ್ಲಿ ಮೆಣಸು ತನ್ನ ಕೆಲಸ ಶುರುಮಾಡಿತ್ತು. ರಾಯಪ್ಪ ಕೂಗಿಕೊಂಡ ಸದ್ದಿಗೆ ಜಗಲಿಯ ಮೇಲಿನ ಕೋಳಿಗಳೆಲ್ಲ ಹಾರಿಹೋದವು.

ಪೂಜೆ ಮುಗಿಸಿ ಆರೋಗ್ಯಮ್ಮ, ಉಪದೇಶಿಗಳು, ಲೂರ್ದಮ್ಮ ಬಾಗಿಲಿಗೆ ಬಂದಾಗ ಕಂಡದ್ದು ಇದು. ಒಂದು ಕಡೆ ಪಾತ್ರೆಯಲ್ಲಿ ತೊಡೆ, ಇನ್ನೊಂದು ಕಡೆ ದಾರ ಸುತ್ತಿದ ಬೀಗರು, ನಡುವೆ ಕೊಬ್ಬಿನ ಸೌಟು ಹಿಡಿದ ಚೌರಪ್ಪ. ಇವನಿಗೊಂದು ಸೌಟು, ಅದಕ್ಕೊಂದು ಸೌಟು.

ಉಪದೇಶಿಗಳು ದಾರ ಬಿಚ್ಚಿದರು. ರಾಯಪ್ಪ ಅಂಗಿ ಕಿತ್ತುಕೊಂಡು, "ನಡಿಯೇ ಲೂರ್ದು! ಮನುಷ್ಯರು ಇರೋ ಮನೆ ಅಲ್ಲ ಇದು!" ಅಂತ ದಡದಡ ಹೊರಗೆ ನಡೆದ. ಜಗಲಿ ಇಳಿದ. ಬೀದಿಗೆ ಬಂದ. ಅಲ್ಲಿ ನಿಂತ. ಒಂದು ಸಲ ಬಗ್ಗಿದ, ಒಂದು ಸಲ ಎದ್ದ. ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ.

"ಲೂರ್ದು, ನೋವು ಎಲ್ಲಿ ಹೋಯ್ತೇ?"

"ನನ್ನ ಕೇಳಿದ್ರೆ? ನಿಮ್ಮ ಸೊಂಟ ಅಲ್ವಾ" ಅಂದಳು ಮಗಳು.

ಅಂಗಿ ತೊಟ್ಟುಕೊಂಡು, ಮುಖ ಗಂಟಿಕ್ಕಿಕೊಂಡೇ ವಾಪಸು ಬಂದು ಕೂತ. "ಬಾಡಿನ ಘಮ ಚೆನ್ನಾಗಿದೆ ಅಂತ ಕೂತಿದೀನಿ. ಊಟ ಮಾಡ್ತೀನಿ. ಹೆಣ್ಣಿನ ಮಾತು ಆಮೇಲೆ" ಅಂದ.

ಆರೋಗ್ಯಮ್ಮ ಮಗನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಕಣ್ಣಲ್ಲಿ ನೀರು. "ಚೌರಿ, ಇದೊಂದೇ ಸಲ ಕಣಪ್ಪ. ಮನೆಗೆ ಬಂದೋರನ್ನ ಕಟ್ಟಬಾರದು. ಕೈ ಮುಗಿದು ನಿಂತ್ಕೊ. ಅವರು ಏನು ತಿಂದ್ರೂ ತಿನ್ನಲಿ, ಏನು ತಗೊಂಡ್ರೂ ತಗೊಳ್ಳಲಿ, ಅಡ್ಡ ಬರಬೇಡ. ಹೊರಟರೆ ಎಲೆಅಡಿಕೆ ಕೊಟ್ಟು, ಊರ ಬಾಗಿಲವರೆಗೂ ಹೋಗಿ, 'ಹೋಗಿ ಬನ್ನಿ, ಮುಂದಿನ ಹಬ್ಬಕ್ಕೂ ಬನ್ನಿ' ಅಂತ ಕಳಿಸಿ ಬಾ."

"ಆಯ್ತವ್ವ, ಇನ್ನು ಹಾಗೇ ಮಾಡ್ತೀನಿ. ಅಳಬೇಡ."

ತೊಡೆಯನ್ನು ತಟ್ಟೆಗೆ ತೆಗೆದು ನಡುಮನೆಯಲ್ಲಿ ಇಟ್ಟರು. ಹೊರಗೆ ಕಂದುಬಣ್ಣ, ಒಳಗೆ ರಸ, ನೋಡಿದವರಿಗೆ ಬಾಯಲ್ಲಿ ನೀರು. ಸ್ವಲ್ಪ ಆರಲಿ, ಅಷ್ಟರಲ್ಲಿ ಜಪ ಮುಗಿಸೋಣ ಅಂತ ಎಲ್ಲರೂ ಒಳಕೋಣೆಯ ದೇವರ ಪಟದ ಮುಂದೆ ಹೋಗಿ ಕಣ್ಣು ಮುಚ್ಚಿದರು. ಚೌರಪ್ಪ ತೊಡೆಯ ಪಕ್ಕ ಕೈ ಮುಗಿದು ನಿಂತ. ಜಪ ಹೇಳಿಕೊಡುವವರು ಉಪದೇಶಿಗಳು. ಅವರ ಜಪ ಬೇಗ ಮುಗಿದದ್ದನ್ನು ಆ ಊರು ಕಂಡಿಲ್ಲ.

ಮೋಟುಕಿವಿ ನಾಯಿ ಹೊಸಿಲು ದಾಟಿತು.

ಚೌರಪ್ಪ ಕೈ ಮುಗಿದ. ನಾಯಿ ತೊಡೆಯನ್ನು ಮೂಸಿತು. ಇವನು ಅಡ್ಡ ಬರಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಕಡೆ ಎಳೆಯಿತು. ಏನು ತಗೊಂಡರೂ ತಗೊಳ್ಳಲಿ. ಚೌರಪ್ಪ ಎಲೆಅಡಿಕೆ ತಗೊಂಡು ಹಿಂದೆಯೇ ಹೊರಟ. ಮುಂದೆ ನಾಯಿ, ನಾಯಿಯ ಬಾಯಲ್ಲಿ ಹಬ್ಬದ ತೊಡೆ, ಹಿಂದೆ ಕೈ ಮುಗಿದ ಚೌರಪ್ಪ. ನಾಯಿ ಸುಸ್ತಾಗಿ ನಿಂತಾಗ ಇವನೂ ನಿಂತ. ಅದು ನಡೆದಾಗ ಇವನೂ ನಡೆದ. ಊರ ಬಾಗಿಲಲ್ಲಿ ಎಲೆಅಡಿಕೆ ಅದರ ಮುಂದಿಟ್ಟು, "ಹೋಗಿ ಬನ್ನಿ, ಮುಂದಿನ ಹಬ್ಬಕ್ಕೂ ಬನ್ನಿ" ಅಂದು ಕಳಿಸಿ ಬಂದ.

ಇತ್ತ ಜಪ ಮುಗಿಯಿತು. ಎಲೆ ಹಾಕಿ ಆಗಿತ್ತು. ರಾಯಪ್ಪ ಎಲೆ ಮುಂದೆ ಕೂತಿದ್ದ. ತಟ್ಟೆ ಖಾಲಿ.

"ತೊಡೆ ಎಲ್ಲೋ?" ಅಂದಳು ಆರೋಗ್ಯಮ್ಮ.

"ಬಂದಿದ್ರು, ತಗೊಂಡ್ರು, ಕಳಿಸಿಕೊಟ್ಟೆ. ಒಂದು ಮಾತೂ ಅಡ್ಡ ಆಡಲಿಲ್ಲವ್ವ" ಅಂದ ಚೌರಪ್ಪ.

"ಯಾರು?"

"ಮೋಟುಕಿವಿಯೋರು."

ಆರೋಗ್ಯಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಉಪದೇಶಿಗಳು ಸೂರು ನೋಡಿದರು. ರಾಯಪ್ಪ ಎಲೆಯ ಅಂಚಿಗೆ ಕೈ ಹಾಕಿದ, ಮಡಚುವುದೊಂದು ಬಾಕಿ.

ಆಗ ಲೂರ್ದಮ್ಮ ಬಾಯಿ ಬಿಟ್ಟಳು. "ಅಪ್ಪಾ, ತಡೀರಿ. ಸೊಂಟಕ್ಕೆ ತಿಕ್ಕಿಸ್ಕೊಳ್ಳಿ ಅಂತ ಅವ್ವ ಸಾಯೋವರೆಗೂ ಹೇಳಿದ್ಲು. ಒಂದು ದಿನ ಕೇಳಿದ್ರಾ? ನಮ್ಮ ಅಣ್ಣಂದಿರು ಯಾರ ಮಾತು ಕೇಳ್ತಾರೆ? ಹೇಳಿದ್ದನ್ನ ಹೇಳಿದ ಹಾಗೆ ಮಾಡೋ ಗಂಡಸನ್ನ ನಾನು ಇವತ್ತೇ ನೋಡ್ತಿರೋದು. ಇವರಲ್ಲಿ ತಪ್ಪೇನಿದೆ? ತಪ್ಪು ಹೇಳೋದ್ರಲ್ಲಿದೆ. ಬಿಡಿಸಿ ಹೇಳಬೇಕು. ನೋಡ್ತಿರಿ, ನಾನು ಹೇಳ್ತೀನಿ."

ಚೌರಪ್ಪನ ಕಡೆ ತಿರುಗಿದಳು. ಸೆರಗು ಸಿಕ್ಕಿಸಿಕೊಂಡು, ಒಂದೊಂದೇ ಮಾತು ಅಳೆದು ಹೇಳಿದಳು. "ಇಲ್ಲಿ ಕೇಳಿ. ಆ ತೊಡೆ ಎಲ್ಲಿದ್ರೂ ಸರಿ, ಯಾವುದರಲ್ಲಿದ್ರೂ ಸರಿ, ಹೋಗಿ ತಗೊಂಡು ಬನ್ನಿ. ತಂದು ನಮ್ಮಪ್ಪನ ಎಲೆ ಮುಂದೆ ಇಡಿ. ಇಟ್ಟು ಪದ್ಧತಿ ಪ್ರಕಾರ ನಡ್ಕೊಳ್ಳಿ. ತಿಳೀತಾ?"

"ಆಯ್ತು, ಹಾಗೇ ಮಾಡ್ತೀನಿ" ಅಂದು ಚೌರಪ್ಪ ಓಡಿದ.

ಕಾದರು. ಎಲೆ ಬಾಡುವವರೆಗೂ ಕಾದರು. ಆರೋಗ್ಯಮ್ಮ ಜಪಮಣಿ ಎಣಿಸುತ್ತಲೇ ಇದ್ದಳು. ಕೊನೆಗೆ ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು.

ಚೌರಪ್ಪ ಬಂದ. ತೋಳಲ್ಲಿ ಮೋಟುಕಿವಿ ನಾಯಿ. ಹೊಟ್ಟೆ ಮದ್ದಳೆಯಾಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಬಾಲ ಮೆಲ್ಲಗೆ ಆಡುತ್ತಿತ್ತು. ನಾಯಿಯನ್ನು ಜೋಪಾನವಾಗಿ ರಾಯಪ್ಪನ ಎಲೆ ಮುಂದೆ ಮಲಗಿಸಿದ. ಚಾಕು ತೆಗೆದುಕೊಂಡ. ಬಗ್ಗಿ ನಿಂತು, ಬಹಳ ಮರ್ಯಾದೆಯಿಂದ ಕೇಳಿದ.

"ತೊಡೆ ಒಳಗಿದೆ. ಎಲ್ಲಿಂದ ಕೊಯ್ಯಲಿ ಮಾವ?"

"ಚಾಕು ಕೆಳಗಿಡಿ" ಅಂದಳು ಲೂರ್ದಮ್ಮ.

ಇಟ್ಟ. ಆ ಕ್ಷಣವೇ ಇಟ್ಟ.

ರಾಯಪ್ಪ ನಾಯಿಯನ್ನು ನೋಡಿದ, ಚೌರಪ್ಪನನ್ನು ನೋಡಿದ, ಮಗಳನ್ನು ನೋಡಿದ. ನಗು ಹೊಟ್ಟೆಯಲ್ಲಿ ಶುರುವಾಗಿ ಸೊಂಟಕ್ಕೆ ಬಂತು, ಸೊಂಟ ನೋಯಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎದ್ದು ಒಲೆಯ ಹತ್ತಿರ ಹೋದ. ಪಾತ್ರೆಯ ತಳದಲ್ಲಿ ಹತ್ತಿಕೊಂಡಿದ್ದ ಬಾಡಿನ ಚೂರನ್ನು ಉಗುರಲ್ಲಿ ಕೆರೆದ, ರಸದಲ್ಲಿ ಅದ್ದಿದ, ಬಾಯಿಗಿಟ್ಟ. ಕಣ್ಣು ಮುಚ್ಚಿ ಚಪ್ಪರಿಸಿದ.

"ಮದುವೆ ಮುಂದಿನ ತಿಂಗಳು ಇಟ್ಕೊಳ್ಳೋಣ ತಾಯಿ. ನಾಯಿಗೆ ಇಷ್ಟು ಚೆನ್ನಾಗಿ ಬಡಿಸಿದೋನು ನನ್ನ ಮಗಳನ್ನ ಉಪವಾಸ ಕೆಡವೋದಿಲ್ಲ" ಅಂದ. ಆರೋಗ್ಯಮ್ಮ ಜೋರಾಗಿ ಅತ್ತಳು. ಈ ಸಲದ ಅಳು ಬೇರೆ.

ಮದುವೆ ಆಯಿತು. ಲೂರ್ದಮ್ಮ ಬಿಡಿಸಿ ಬಿಡಿಸಿ ಹೇಳಿದಳು, ಚೌರಪ್ಪ ಹಾಗೇ ಮಾಡಿದ. ಉಣ್ಣಿ ಅಂದಳು, ಉಂಡ. ಸುಖವಾಗಿದ್ದರು. ಆ ಚಾಕು ಮಾತ್ರ ಇವತ್ತಿಗೂ ನಡುಮನೆಯ ನೆಲದ ಮೇಲೇ ಬಿದ್ದಿದೆಯಂತೆ, ಓಡಾಡುವವರೆಲ್ಲ ದಾಟಿಕೊಂಡೇ ಓಡಾಡುತ್ತಾರಂತೆ. ಕೆಳಗಿಡಿ ಅಂತ ಹೇಳಿದವಳು ಎತ್ತಿ ಅಂತ ಹೇಳುವುದನ್ನು ಮರೆತಿದ್ದಾಳೆ.